ಸಣ್ಣ ದನಿಯ ರೇಡಿಯೊ: ಮೈಸೂರಿನ 30 ವ್ಯಾಟಿನಿಂದ ಇಂದಿನ 5 ವ್ಯಾಟಿನವರೆಗೆ



ನಮ್ಮ ದೇಶದ ಬಾನುಲಿಗೂ ‘ಆಕಾಶವಾಣಿ’ ಎಂಬ ಹೆಸರಿಗೂ ನಂಟು ಬೆಸೆದ ಊರು ಮೈಸೂರು ಎಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದ ಸಂಗತಿ. ಸಾಮಾನ್ಯ ಜ್ಞಾನದ ಸ್ಪರ್ಧೆಗಳಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಉತ್ತರವನ್ನು ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಆದರೆ ಆ ಕೇಂದ್ರ ಎಷ್ಟು ವ್ಯಾಟ್ ಶಕ್ತಿಯ ಪ್ರೇಷಕದಿಂದ ಆರಂಭವಾಯಿತು ಎಂದು ಕೇಳಿದರೆ ಹೇಳಬಲ್ಲವರು ವಿರಳ. ಕೇವಲ 30 ವ್ಯಾಟ್. ಹಜಾರದಲ್ಲಿ ಉರಿಯುತ್ತಿದ್ದ ಹಳೆಯ ಕಾಲದ 40 ವ್ಯಾಟಿನ ಬಲ್ಬಿಗೂ ಕಡಿಮೆ. ಈ ಸಣ್ಣ ಅಂಕಿಯನ್ನು ಹಿಡಿದುಕೊಂಡೇ ಇಂದಿನ ಲೇಖನವನ್ನು ಬರೆಯಬೇಕೆಂದಿದ್ದೇನೆ. ಏಕೆಂದರೆ ಕಡಿಮೆ ಶಕ್ತಿಯ ರೇಡಿಯೊ ಎಂಬುದು ಇಂದಿಗೂ ಜೀವಂತವಾಗಿರುವ ಒಂದು ಹವ್ಯಾಸ. ಅದರ ಬೇರು ನಮ್ಮ ಜಿಲ್ಲೆಯಲ್ಲಿಯೇ ಇದೆ.

ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞರ ಬಳಿ ಅಧ್ಯಯನ ಮಾಡಿ ಬಂದವರು. ರೇಡಿಯೊ ಅವರ ವೃತ್ತಿಯಲ್ಲ, ಅವರ ಶಾಸ್ತ್ರವೂ ಅಲ್ಲ. ಆದರೂ 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ನಿವಾಸ ‘ವಿಠಲ ವಿಹಾರ’ದಲ್ಲಿಯೇ 30 ವ್ಯಾಟಿನ ಪ್ರೇಷಕವೊಂದನ್ನು ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ಆ ಕೇಂದ್ರದ ಸಂಕೇತನಾಮ ವಿಯು6ಎಎಚ್. ಇಂಥ ‘ವಿಯು’ ಅಕ್ಷರಗಳಿಂದ ಆರಂಭವಾಗುವ ಸಂಕೇತನಾಮಗಳನ್ನೇ ಇಂದಿಗೂ ಭಾರತದ ಹವ್ಯಾಸಿ ರೇಡಿಯೊ ಬಳಗದವರು ಬಳಸುತ್ತಾರೆ.

ಆ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರನ್ನು ಸೂಚಿಸಿದವರು ಹಾಸ್ಯಸಾಹಿತಿ ನಾ. ಕಸ್ತೂರಿಯವರು ಎಂಬ ಮಾತು ಮೈಸೂರಿನಲ್ಲಿ ಪ್ರಚಲಿತವಾಗಿದೆ. ಕಸ್ತೂರಿಯವರು ಆ ಕೇಂದ್ರದ ಕೆಲಸದಲ್ಲಿಯೂ ಕೈಜೋಡಿಸಿದ್ದರು. ಮುಂದೆ 250 ವ್ಯಾಟಿನ ಪ್ರೇಷಕ ಬಂದಿತು. 1942ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು. ಸ್ವಾತಂತ್ರ್ಯಾನಂತರ ಅದು ಅಖಿಲ ಭಾರತ ರೇಡಿಯೊದಲ್ಲಿ ಸೇರಿತು. 1955ರ ನವೆಂಬರಿನಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. ಹೆಸರು ಕೊಟ್ಟ ಊರಿಗೆ ತನ್ನದೇ ಆದ ಕೇಂದ್ರ ಮರಳಿ ದೊರೆತದ್ದು 1974ರಲ್ಲಿ. ನಡುವಿನ 19 ವರ್ಷ ಮೈಸೂರು ತನ್ನ ದನಿಯನ್ನು ಬೇರೆ ಊರಿನಿಂದ ಕೇಳಿಸಿಕೊಳ್ಳಬೇಕಾಯಿತು.

ಇಲ್ಲಿ ಒಂದು ಹೋಲಿಕೆಯನ್ನು ಗಮನಿಸಬೇಕು. ಗೋಪಾಲಸ್ವಾಮಿಯವರಿಗಿಂತ ಎಂಟು ವರ್ಷ ಮೊದಲು, 1927ರಲ್ಲಿ, ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಎಂಬ ಸಂಸ್ಥೆ ಬೊಂಬಾಯಿ ಮತ್ತು ಕಲ್ಕತ್ತಗಳಲ್ಲಿ ತಲಾ 1,500 ವ್ಯಾಟಿನ ಕೇಂದ್ರಗಳನ್ನು ತೆರೆದಿತ್ತು. ಶಕ್ತಿಯಲ್ಲಿ ಅವು ಮೈಸೂರಿನ ಪ್ರೇಷಕಕ್ಕಿಂತ 50 ಪಟ್ಟು ದೊಡ್ಡವು. ಆದರೆ ಮೂರು ವರ್ಷ ತುಂಬುವ ಮೊದಲೇ, 1930ರ ಮಾರ್ಚಿನಲ್ಲಿ, ಆ ಕಂಪನಿ ಮುಚ್ಚಿಹೋಯಿತು. ಖರ್ಚು ಹೆಚ್ಚು, ಪರವಾನಗಿ ಪಡೆದು ಕೇಳುವವರು ಕಡಿಮೆ. ಕೊನೆಗೆ ಸರ್ಕಾರ ಅದನ್ನು ವಹಿಸಿಕೊಳ್ಳಬೇಕಾಯಿತು. ಇದಕ್ಕೂ ಮೊದಲು, 1924ರಲ್ಲಿ, ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಮುಂದಾಳತ್ವದಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ ಹುಟ್ಟಿತ್ತು. ಅದು 40 ವ್ಯಾಟಿನ ಪ್ರೇಷಕದಿಂದ ಪ್ರಸಾರ ಮಾಡಿ, ಹಣದ ಮುಗ್ಗಟ್ಟಿನಿಂದ 1927ರಲ್ಲಿ ನಿಂತಿತು. ಆದರೆ ಅದರ ಕೆಲಸವನ್ನು ಕೆಲವೇ ವರ್ಷಗಳಲ್ಲಿ ಮದರಾಸು ನಗರಸಭೆ ಮುಂದುವರಿಸಿತು. ನಮ್ಮ ನಾಡಿನ ಪ್ರಸಾರದ ಚರಿತ್ರೆಯ ಆರಂಭದ ಅಧ್ಯಾಯಗಳನ್ನು ಬರೆದವರಲ್ಲಿ ಹವ್ಯಾಸಿಗಳು ಪ್ರಮುಖರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅವರ ಬಳಿ ಇದ್ದದ್ದು ಬೆರಳೆಣಿಕೆಯ ವ್ಯಾಟುಗಳು ಮತ್ತು ಬೇಕಾದಷ್ಟು ಕುತೂಹಲ.

ಹೊರಜಗತ್ತಿನಲ್ಲಿಯೂ ಕಥೆ ಹೀಗೆಯೇ ನಡೆಯಿತು. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಕಡಿಮೆ ತರಂಗದೂರದ ಪಟ್ಟಿಗೆ ತಳ್ಳಿತು. ಅವು ಹತ್ತಿರದ ಮಾತಿಗಷ್ಟೇ ಸಾಕು, ದೂರಕ್ಕೆ ನಿರುಪಯುಕ್ತ ಎಂಬುದು ಅಂದಿನ ತಿಳಿವಳಿಕೆ. ಬರಡು ನೆಲವನ್ನು ದಾಯಾದಿಗೆ ಬಿಟ್ಟುಕೊಟ್ಟ ಹಾಗೆ! ಆದರೆ 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕದ ಹವ್ಯಾಸಿ ಸ್ಕಾಟ್ಲೆಂಡಿನ ಆರ್ಡ್ರೊಸನ್ ಎಂಬಲ್ಲಿ, ಕಡಲತಡಿಯ ಚಳಿಯಲ್ಲಿ, ಒಂದು ಗುಡಾರದಲ್ಲಿ ಕುಳಿತು, ಅಟ್ಲಾಂಟಿಕ್ ಸಾಗರದಾಚೆಯಿಂದ ತನ್ನ ದೇಶದ ಹವ್ಯಾಸಿಗಳು ಕಳುಹಿಸಿದ ಸಂಕೇತಗಳನ್ನು ಕೇಳಿಸಿಕೊಂಡನು. ಎರಡೇ ವರ್ಷಗಳಲ್ಲಿ ಸಾಗರದ ಎರಡೂ ಬದಿಯ ಹವ್ಯಾಸಿಗಳು ಪರಸ್ಪರ ಸಂವಾದ ನಡೆಸಿದರು. ಬರಡೆಂದು ಬಿಟ್ಟ ನೆಲವೇ ‘ಶಾರ್ಟ್‌ವೇವ್’ ಎಂಬ ಫಲವತ್ತಾದ ಹೊಲವೆಂದು ಆಗ ಜಗತ್ತಿಗೆ ಅರಿವಾಯಿತು.

ಇದು ಹೇಗೆ ಸಾಧ್ಯ? ವಿಜ್ಞಾನ ಬೋಧಿಸಿದ ಅಭ್ಯಾಸಬಲದಿಂದ ಸ್ವಲ್ಪ ಪಾಠ ಹೇಳುತ್ತೇನೆ, ಸಹಿಸಿಕೊಳ್ಳಿ. ನಮ್ಮ ತಲೆಯ ಮೇಲೆ, ಸುಮಾರು 60 ಕಿಲೋಮೀಟರ್ ಎತ್ತರದಿಂದ ಮೇಲಕ್ಕೆ, ಸೂರ್ಯಕಿರಣಗಳಿಂದ ವಿದ್ಯುದಂಶ ಪಡೆದ ವಾಯುಪದರಗಳಿವೆ. ಇವುಗಳಿಗೆ ಅಯಾನುಗೋಳವೆಂದು ಹೆಸರು. ಶಾರ್ಟ್‌ವೇವ್ ತರಂಗಗಳು ಅದರ ಮೇಲಿನ ಪದರಕ್ಕೆ ತಾಗಿ ಬಾಗಿ ಭೂಮಿಗೆ ಮರಳುತ್ತವೆ. ಹಗಲಿನಲ್ಲಿ ಕೆಳಗಿನ ಪದರವೊಂದು ಕೆಳ ಆವರ್ತಾಂಕದ ತರಂಗಗಳನ್ನು ಹೀರಿಕೊಳ್ಳುತ್ತದೆ. ಸೂರ್ಯಾಸ್ತದ ಬಳಿಕ ಆ ಪದರ ಕರಗುತ್ತದೆ. ಆದುದರಿಂದಲೇ ನಮ್ಮ ಬಾಲ್ಯದಲ್ಲಿ ಸಂಜೆಯಾದೊಡನೆ ರೇಡಿಯೊ ಸಿಲೋನ್ ಸೊಗಸಾಗಿ ಕೇಳುತ್ತಿತ್ತು. ಹೀಗೆ ಆಕಾಶವೇ ತರಂಗವನ್ನು ಹೊತ್ತೊಯ್ಯುವಾಗ ಕಳುಹಿಸುವವನ ಬಲಕ್ಕಿಂತ ಹೊತ್ತು, ಆವರ್ತಾಂಕ, ಆಂಟೆನಾ ಇವುಗಳ ಆಯ್ಕೆಯೇ ಮುಖ್ಯವಾಗುತ್ತದೆ.

ಲೆಕ್ಕವನ್ನೂ ನೋಡಿ. 100 ವ್ಯಾಟಿನಿಂದ 5 ವ್ಯಾಟಿಗೆ ಇಳಿದರೆ ಶಕ್ತಿ ಇಪ್ಪತ್ತರಲ್ಲಿ ಒಂದು ಪಾಲಾಗುತ್ತದೆ. ಇದನ್ನು ಡೆಸಿಬೆಲ್ ಎಂಬ ಮಾನದಲ್ಲಿ ಹೇಳಿದರೆ 13 ಡೆಸಿಬೆಲ್ ಇಳಿಕೆ. ಕೇಳುವವನ ಯಂತ್ರದಲ್ಲಿ ಸಂಕೇತದ ಬಲ ತೋರಿಸುವ ಮಾಪಕದ ಒಂದು ಮೆಟ್ಟಿಲು 6 ಡೆಸಿಬೆಲ್. ಅಂದರೆ ಇಪ್ಪತ್ತು ಪಟ್ಟು ಕಡಿಮೆ ಶಕ್ತಿ ಬಳಸಿದರೂ ಮುಳ್ಳು ಸುಮಾರು ಎರಡು ಮೆಟ್ಟಿಲು ಮಾತ್ರ ಕೆಳಗಿಳಿಯುತ್ತದೆ. ಒಂಬತ್ತನೆಯ ಮೆಟ್ಟಿಲಲ್ಲಿದ್ದ ದನಿ ಏಳನೆಯದಕ್ಕೆ ಬರುತ್ತದೆ, ಮಾಯವಾಗುವುದಿಲ್ಲ. ಕಿವಿಗೊಟ್ಟರೆ ಕೇಳುತ್ತದೆ. ಈ ‘ಕಿವಿಗೊಟ್ಟರೆ’ ಎಂಬ ಷರತ್ತಿನಲ್ಲಿಯೇ ಈ ಹವ್ಯಾಸದ ಸ್ವಾರಸ್ಯವೆಲ್ಲ ಅಡಗಿದೆ.

ತಂತಿ ಕಚೇರಿಯ ಕಾಲದಿಂದ ಬಂದ ಸಂಕ್ಷಿಪ್ತ ಸಂಕೇತಗಳಲ್ಲಿ ‘ಕ್ಯೂಆರ್‌ಪಿ’ ಎಂಬುದೊಂದು. ‘ನಾನು ಶಕ್ತಿಯನ್ನು ತಗ್ಗಿಸಲೇ?’ ಎಂಬುದು ಅದರ ಅರ್ಥ. ಇದೇ ಈ ಹವ್ಯಾಸದ ಹೆಸರೂ ಆಯಿತು. 1961ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ಯೂಆರ್‌ಪಿ ಕ್ಲಬ್ ಮೊದಲಿಗೆ ಇಟ್ಟುಕೊಂಡ ಮಿತಿ 100 ವ್ಯಾಟ್. ಅನಂತರ ಮಿತಿ ಕೆಳಗಿಳಿಯಿತು. ಇಂದು ಮೋರ್ಸ್ ಸಂಕೇತಕ್ಕೆ 5 ವ್ಯಾಟ್, ಮಾತಿಗೆ 10 ವ್ಯಾಟ್ ಎಂಬುದು ಲೋಕರೂಢಿ. 1974ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಡಾಬ್ಸ್ ಎಂಬ ಪಾದ್ರಿಯೊಬ್ಬರು ಇಂಥದೇ ಮತ್ತೊಂದು ಕ್ಲಬ್ಬನ್ನು ಕಟ್ಟಿದರು. ಅಗ್ಗದ ಬಿಡಿಭಾಗಗಳಿಂದ ತಾವೇ ರೇಡಿಯೊ ಕಟ್ಟಿಕೊಳ್ಳುವುದನ್ನು ಅವರು ಅಸಂಖ್ಯ ಜನರಿಗೆ ಕಲಿಸಿದರು.

ಈ ಪರಂಪರೆಗೆ ಭಾರತ ಕೊಟ್ಟ ಕೊಡುಗೆ ಸಣ್ಣದಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ಎಂಬುವರು ಈ ಶತಮಾನದ ಆರಂಭದ ವರ್ಷಗಳಲ್ಲಿ ‘ಬಿಟ್‌ಎಕ್ಸ್’ ಎಂಬ ರೇಡಿಯೊವನ್ನು ವಿನ್ಯಾಸಗೊಳಿಸಿದರು. ವಿದೇಶದ ಬಿಡಿಭಾಗಗಳು ನಮ್ಮವರಿಗೆ ಸುಲಭವಾಗಿ ಸಿಗುವುದಿಲ್ಲವೆಂಬುದನ್ನು ಅರಿತು, ಟಿ.ವಿ. ರಿಪೇರಿ ಅಂಗಡಿಯಲ್ಲಿ ದೊರೆಯುವಂಥ ಭಾಗಗಳಿಂದಲೇ ಅದನ್ನು ಕಟ್ಟುವಂತೆ ಮಾಡಿದರು. ತಂತಿಸುರುಳಿ ಸುತ್ತಲು ಅವರು ಸೂಚಿಸಿದ್ದು ನಲ್ಲಿಯ ವಾಷರನ್ನು! ಕೆಲವೇ ವ್ಯಾಟ್ ಶಕ್ತಿಯ ಈ ಯಂತ್ರದ ನಕ್ಷೆಯನ್ನು ಅವರು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಇಂದು ಜಗತ್ತಿನ ಮೂಲೆ ಮೂಲೆಗಳಲ್ಲಿ ಜನ ಅದನ್ನು ಕಟ್ಟಿಕೊಂಡು ಮಾತನಾಡುತ್ತಿದ್ದಾರೆ.

ಬೆಂಗಳೂರಿನ ಕೊಡುಗೆಯನ್ನೂ ಮರೆಯಬಾರದು. ಅಲ್ಲಿನ ಅಮೆಚೂರ್ ರೇಡಿಯೊ ಕ್ಲಬ್ 1959ರಷ್ಟು ಹಿಂದಿನದು. 2005ರ ಮೇ 5ರಂದು ಇಸ್ರೋ ಸಂಸ್ಥೆ ಶ್ರೀಹರಿಕೋಟೆಯಿಂದ ‘ಹ್ಯಾಮ್‌ಸ್ಯಾಟ್’ ಎಂಬ 42.5 ಕಿಲೋಗ್ರಾಂ ತೂಕದ ಉಪಗ್ರಹವನ್ನು ಹವ್ಯಾಸಿಗಳಿಗೆಂದೇ ಹಾರಿಸಿತು. ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದು ಭಾರತದ ಹವ್ಯಾಸಿಗಳದ್ದು, ಮತ್ತೊಂದು ಹಾಲೆಂಡಿನ ಒಬ್ಬ ವಿದ್ಯಾರ್ಥಿ ಹವ್ಯಾಸಿಯದು. ಸುಮಾರು 1 ವ್ಯಾಟಿನ ಶಕ್ತಿಯಿಂದ ಅದು ಭೂಮಿಯತ್ತ ಮಾತನಾಡುತ್ತಿತ್ತು. 2014ರ ಜುಲೈವರೆಗೆ, ಒಂಬತ್ತು ವರ್ಷಗಳಿಗೂ ಹೆಚ್ಚು ಕಾಲ, ಅದು ದುಡಿಯಿತು.

ಈಗ ನಮ್ಮ ಸೀಮೆಗೆ ಬರೋಣ. ಕಾಕನಕೋಟೆಯ ಹೆಸರು ಕೇಳಿದೊಡನೆ ನಿಮಗೆ ಖೆಡ್ಡಾ ನೆನಪಾಗುತ್ತದೆ, ಮಾಸ್ತಿಯವರ ನಾಟಕ ನೆನಪಾಗುತ್ತದೆ. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮುಂದೆ ಕಬಿನಿಯ ಹಿನ್ನೀರು ಆ ನೆಲವನ್ನು ಮುಚ್ಚಿತು. ರೇಡಿಯೊ ದೃಷ್ಟಿಯಿಂದ ನೋಡಿದರೆ ಈ ಕಾಡಂಚು ಒಂದು ಪಾಠಶಾಲೆಯೇ ಸರಿ. ಅಂತರಸಂತೆ, ಡಿ.ಬಿ. ಕುಪ್ಪೆ ವಲಯಗಳಲ್ಲಿ ಅರಣ್ಯ ಇಲಾಖೆಯ ಕಾವಲುಗಾರರು ಕೈಯಲ್ಲಿ ಹಿಡಿದು ಓಡಾಡುವ ವಾಕಿಟಾಕಿಗಳನ್ನು ನೀವು ನೋಡಿದ್ದೀರಿ. ಅವು ಹವ್ಯಾಸಿ ರೇಡಿಯೊ ಅಲ್ಲ, ಸರ್ಕಾರಿ ಸಂಪರ್ಕ ಸಾಧನಗಳು. ಆದರೆ ಅವುಗಳೂ ಕೆಲವೇ ವ್ಯಾಟಿನವು. ಅತಿ ಹೆಚ್ಚಿನ ಆವರ್ತಾಂಕದ ಆ ತರಂಗಗಳು ಬಹುಮಟ್ಟಿಗೆ ನೇರ ಗೆರೆಯಲ್ಲಿ ಸಾಗುತ್ತವೆ. ನಡುವೆ ದಿಣ್ಣೆ ಬಂದರೆ ತಡೆ, ದಟ್ಟ ಮರಗಳು ಬಂದರೆ ದುರ್ಬಲ. ಆದುದರಿಂದ ಎತ್ತರದ ಸ್ಥಳದಲ್ಲಿ ಮರುಪ್ರಸಾರಕ ಬೇಕಾಗುತ್ತದೆ.

ಹವ್ಯಾಸಿಯ 7 ಮೆಗಾಹರ್ಟ್ಸ್ ತರಂಗದ ನಡೆಯೇ ಬೇರೆ. ಆಂಟೆನಾ ತಂತಿಯನ್ನು ತುಂಬ ಎತ್ತರಕ್ಕೆ ಕಟ್ಟದಿದ್ದರೆ ಅದು ತರಂಗವನ್ನು ಬಹುಮಟ್ಟಿಗೆ ನೆತ್ತಿಯ ಕಡೆಗೇ ಎಸೆಯುತ್ತದೆ. ನೆಟ್ಟಗೆ ಮೇಲಕ್ಕೆಸೆದ ಚೆಂಡು ಸುತ್ತಮುತ್ತಲೇ ಬೀಳುವಂತೆ ಆ ತರಂಗವೂ ಅಯಾನುಗೋಳಕ್ಕೆ ತಾಗಿ, ಸುತ್ತಲಿನ ಕೆಲವು ನೂರು ಕಿಲೋಮೀಟರುಗಳ ಮೇಲೆ ಮಳೆಯಂತೆ ಇಳಿಯುತ್ತದೆ. ನಡುವೆ ಬ್ರಹ್ಮಗಿರಿಯ ಸಾಲೇ ಅಡ್ಡ ನಿಂತಿದ್ದರೂ ಅದಕ್ಕೆ ಲೆಕ್ಕವಿಲ್ಲ. ಕಣಿವೆಯ ಊರಿನಿಂದ ಕಣಿವೆಯ ಊರಿಗೆ, ಗೋಪುರವಿಲ್ಲದೆ, ಮಾತು ತಲುಪುತ್ತದೆ.

ಇನ್ನೊಂದು ಅನುಕೂಲ ಹಳ್ಳಿಯ ನಿಶ್ಶಬ್ದ. ಇಲ್ಲಿ ನಿಶ್ಶಬ್ದವೆಂದರೆ ವಿದ್ಯುತ್ತಿನ ನಿಶ್ಶಬ್ದ. ನಗರಗಳಲ್ಲಿ ಎಲ್‌ಇಡಿ ಬಲ್ಬು, ಚಾರ್ಜರು, ಇನ್‌ವರ್ಟರುಗಳೆಲ್ಲ ಸೇರಿ ರೇಡಿಯೊದಲ್ಲಿ ಸದಾ ಒಂದು ಗೊರಗೊರ ಸದ್ದನ್ನು ಎಬ್ಬಿಸುತ್ತವೆ. ಸಣ್ಣ ದನಿಗಳು ಅದರಲ್ಲಿ ಮುಳುಗಿಹೋಗುತ್ತವೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಳ್ಳಿಗಳಲ್ಲಿ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ನಡುವೆ ಆ ಗದ್ದಲ ಕಡಿಮೆ. ಇಂಥಲ್ಲಿ ಕೇಳುವವನಿಗೆ 5 ವ್ಯಾಟಿನ ದನಿಯೂ ಸ್ಫುಟವಾಗುತ್ತದೆ.

ನನ್ನ ದಿನಚರಿಯಲ್ಲಿಯೂ ಈ ಹವ್ಯಾಸಕ್ಕೆ ಒಂದು ಜಾಗವಿದೆ. ನಿವೃತ್ತಿಯ ನಂತರ ಪರೀಕ್ಷೆ ಬರೆದು ಪರವಾನಗಿ ಪಡೆದೆ. ಜೀವನವಿಡೀ ಪರೀಕ್ಷೆ ಮಾಡಿದವನು ಮರಳಿ ಪರೀಕ್ಷೆಗೆ ಕುಳಿತದ್ದನ್ನು ನೋಡಿ ಮನೆಯವರು ನಕ್ಕರು. ಹಿತ್ತಿಲ ತೆಂಗಿಗೂ ಹಲಸಿನ ಮರಕ್ಕೂ ನಡುವೆ ಒಟ್ಟು 20 ಮೀಟರ್ ಉದ್ದದ ತಾಮ್ರದ ತಂತಿಯನ್ನು, ನಡುವೆ ಎರಡು ಭಾಗ ಮಾಡಿ, ಕಟ್ಟಿದ್ದೇನೆ. 40 ಮೀಟರ್ ತರಂಗದೂರದ ಅರ್ಧ 20 ಮೀಟರ್. ಹತ್ತನೆಯ ತರಗತಿಯ ಗಣಿತ ಸಾಕು. 12 ವೋಲ್ಟಿನ ಬ್ಯಾಟರಿ, ಅದನ್ನು ತುಂಬಲು ಮಾಳಿಗೆಯ ಮೇಲೊಂದು ಸಣ್ಣ ಸೌರಫಲಕ. ಕರೆಂಟು ಹೋದ ಮಳೆಗಾಲದ ಸಂಜೆಗಳಲ್ಲಿಯೂ ಇದು ಕೆಲಸ ಮಾಡುತ್ತದೆ. ಗುಡುಗು ಕೇಳಿಸಿದರೆ ಮಾತ್ರ ಆಂಟೆನಾ ಕಳಚಿ ಹೊರಗಿಡುತ್ತೇನೆ. ಬೆಳಗಿನ ಕಾಫಿಯ ಹೊತ್ತಿನಲ್ಲಿ ದಕ್ಷಿಣದ ಊರುಗಳು, ಕತ್ತಲಾದ ಮೇಲೆ ಉತ್ತರ ಭಾರತ, ಅದೃಷ್ಟವಿದ್ದರೆ ಸಮುದ್ರದಾಚೆಯವರೂ ಸಿಗುತ್ತಾರೆ. ಸಿಗದ ದಿನಗಳೂ ಉಂಟು. ಹತ್ತು ಬಾರಿ ಕರೆದರೂ ಯಾರೂ ಓಗೊಡದ ದಿನ ಬೇಸರವಾಗುವುದಿಲ್ಲ. ಆಕಾಶ ಇಂದು ತೆರೆದಿಲ್ಲ ಎಂದುಕೊಂಡು ತೋಟಕ್ಕೆ ಹೋಗುತ್ತೇನೆ. ಕೆರೆಗೆ ಗಾಳ ಹಾಕಿದವನಿಗೆ ಇರುವ ತಾಳ್ಮೆ ಇದಕ್ಕೂ ಬೇಕು.

ಮೊಬೈಲ್ ಇರುವಾಗ ಇದೆಲ್ಲ ಏತಕ್ಕೆ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರವನ್ನು ಚರಿತ್ರೆಯೇ ಕೊಡುತ್ತದೆ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಪರವಾನಗಿಗಳನ್ನು ರದ್ದು ಮಾಡಿತು. ಸಣ್ಣ ಪ್ರೇಷಕಗಳ ಬಗ್ಗೆ ದೊಡ್ಡ ಸಾಮ್ರಾಜ್ಯಕ್ಕೆ ಭಯವಿತ್ತು. ಆ ಭಯ ನಿರಾಧಾರವಾಗಿರಲಿಲ್ಲ: 1942ರ ಆಗಸ್ಟಿನಿಂದ ನವೆಂಬರ್ 12ರವರೆಗೆ ಬೊಂಬಾಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಗುಪ್ತವಾಗಿ ಕಾಂಗ್ರೆಸ್ ರೇಡಿಯೊ ನಡೆಸಿದರು. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲದಲ್ಲಿ ಸುದ್ದಿ ಹರಿದದ್ದು ಆ ಸಣ್ಣ ಪೆಟ್ಟಿಗೆಯಿಂದ. ಬಂಧನ, ಸೆರೆಮನೆ ಅವರಿಗೆ ಸಂದ ಫಲ.

ಆರು ದಶಕಗಳ ನಂತರ ಮತ್ತೊಂದು ಪ್ರಸಂಗ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹವ್ಯಾಸಿ ಮತ್ತು ಅವರ ತಂಡದವರು, ವರ್ಷಗಳ ನಂತರ ದೊರೆತ ಅಪರೂಪದ ಅನುಮತಿಯ ಮೇಲೆ, ಅಂಡಮಾನಿನ ಪೋರ್ಟ್ ಬ್ಲೇರಿನಿಂದ ಜಗತ್ತಿನೊಡನೆ ಹವ್ಯಾಸಕ್ಕಾಗಿ ಮಾತನಾಡಲು ಹೋಗಿದ್ದರು. ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿ ಅಪ್ಪಳಿಸಿತು. ದೂರವಾಣಿ ಮೌನವಾಯಿತು. ವಿನೋದಕ್ಕೆಂದು ಕಟ್ಟಿದ ತಂತಿಯೇ ಆಗ ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿತು. ಬಂಧುಗಳ ಕ್ಷೇಮಕ್ಕಾಗಿ ಕಾದಿದ್ದವರಿಗೆ ಉತ್ತರ ಕೊಟ್ಟಿತು. ಹವ್ಯಾಸವೆಂದರೆ ಕಾಲಹರಣವೆಂದು ಭಾವಿಸುವವರು ಈ ಘಟನೆಯನ್ನು ಒಮ್ಮೆ ನೆನೆಯಬೇಕು. ಆಪತ್ತಿನ ದಿನ ಹೊಸದಾಗಿ ಕಲಿಯಲು ವೇಳೆ ಇರುವುದಿಲ್ಲ. ನಿತ್ಯ ಸಂತೋಷಕ್ಕಾಗಿ ಮಾಡಿದ ಅಭ್ಯಾಸ ಮಾತ್ರ ಅಂದು ಒದಗುತ್ತದೆ.

ಆಪತ್ತು ಬಾರದಿದ್ದರೂ ಈ ಅಭ್ಯಾಸ ವ್ಯರ್ಥವಲ್ಲ. ದೊಡ್ಡ ಶಕ್ತಿಯ ಪ್ರೇಷಕ ಕೇಳುವವನಿಂದ ಏನನ್ನೂ ಬೇಡುವುದಿಲ್ಲ. ಅದು ಕಿವಿಯೊಳಗೆ ನುಗ್ಗುತ್ತದೆ. 5 ವ್ಯಾಟಿನ ದನಿ ಹಾಗಲ್ಲ. ಅದನ್ನು ಹಿಡಿಯಲು ಆಚೆ ಬದಿಯವನು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಉಸಿರು ಬಿಗಿಹಿಡಿದು ಆಲಿಸಬೇಕು, ಕೇಳದ ಅಕ್ಷರವನ್ನು ಮತ್ತೊಮ್ಮೆ ಕೇಳಬೇಕು. ಸಂಪರ್ಕದ ಅರ್ಧ ಭಾರವನ್ನು ಕೇಳುವವನು ಹೊರುತ್ತಾನೆ. ಗೋಪಾಲಸ್ವಾಮಿಯವರ 30 ವ್ಯಾಟ್ ಸಾಕಾದದ್ದು ಮೈಸೂರಿನಲ್ಲಿ ಕೇಳಬೇಕೆಂಬ ಮನಸ್ಸಿನವರು ಇದ್ದುದರಿಂದ. ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಈ ಕೆಲಸಕ್ಕೆ ಕೈಹಾಕಿದ್ದು ಆಕಸ್ಮಿಕವಲ್ಲವೇನೋ ಎಂದು ನನಗೆ ಅನೇಕ ಸಲ ಅನ್ನಿಸಿದೆ. ತರಗತಿಯಲ್ಲಿಯೂ ಹೀಗೆಯೇ. ಕೂಗಿ ಹೇಳಿದ ಪಾಠಕ್ಕಿಂತ ಮೆಲ್ಲಗೆ ಹೇಳಿದ ಪಾಠಕ್ಕೆ ಕೊನೆಯ ಬೆಂಚಿನವರೂ ಮುಂದಕ್ಕೆ ಬಾಗಿ ಕುಳಿತದ್ದನ್ನು ನಾನು ಕಂಡಿದ್ದೇನೆ.

ನಿಮ್ಮ ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ ಯಾರಿಗಾದರೂ ಸ್ಕ್ರೂಡ್ರೈವರ್ ಕಂಡರೆ ಕೈ ತುರಿಸುವ ಸ್ವಭಾವವಿದ್ದರೆ ಅವರಿಗೆ ಈ ದಾರಿಯನ್ನು ತೋರಿಸಿ. ಹನ್ನೆರಡು ವರ್ಷ ತುಂಬಿದ ಮಗು ಪರೀಕ್ಷೆಗೆ ಕುಳಿತುಕೊಳ್ಳಬಹುದು. ವಿದ್ಯುತ್ತಿನ ಮೂಲತತ್ತ್ವಗಳು, ರೇಡಿಯೊ ನಿಯಮಗಳು ಇವೇ ಪಠ್ಯ. ಪರವಾನಗಿ ಇಲ್ಲದೆ ಪ್ರೇಷಕವನ್ನು ಮುಟ್ಟಬಾರದು. ಹಾಡು ಪ್ರಸಾರ, ವ್ಯಾಪಾರದ ಮಾತು ಇಲ್ಲಿ ನಿಷಿದ್ಧ. ಉತ್ಸಾಹದಲ್ಲಿ ರಾಷ್ಟ್ರೀಯ ಉದ್ಯಾನದ ಮರಗಳಿಗೆ ತಂತಿ ಕಟ್ಟಲು ಹೋಗಬೇಡಿ, ನಿಮ್ಮ ಹಿತ್ತಿಲೇ ಸಾಕು. ಹುಣಸೂರು, ಕೃಷ್ಣರಾಜನಗರದ ಪ್ರೌಢಶಾಲೆಗಳಲ್ಲಿ ಪಾಠ ಹೇಳುತ್ತಿರುವ ನನ್ನ ಶಿಷ್ಯರು ವಿಜ್ಞಾನ ಸಂಘದ ಚಟುವಟಿಕೆಯಾಗಿ ಮೊದಲು ಕೇಳುವುದನ್ನು ಆರಂಭಿಸಿದರೂ ಒಳ್ಳೆಯದು.

ಮಗು ಕಲಿಯಬೇಕಾದ ಮೊದಲ ನಿಯಮವನ್ನು ಮಾತ್ರ ಇಲ್ಲಿಯೇ ಹೇಳಿಬಿಡುತ್ತೇನೆ. ಹವ್ಯಾಸಿಯು ಪ್ರೇಷಕದ ಗುಂಡಿಯನ್ನು ಒತ್ತುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಆಲಿಸಬೇಕು. ಅನಂತರ, ಈ ಆವರ್ತಾಂಕದಲ್ಲಿ ಯಾರಾದರೂ ಮಾತನಾಡುತ್ತಿದ್ದೀರಾ ಎಂದು ಕೇಳಬೇಕು. ಯಾರೂ ಇಲ್ಲವೆಂದು ಖಚಿತವಾದ ಮೇಲೆಯೇ ತನ್ನ ಮಾತು. ಈ ಒಂದು ಅಭ್ಯಾಸ ಮೈಗೂಡಿದರೆ, ಆ ಮಗು ಮುಂದೆ ರೇಡಿಯೊ ಮುಟ್ಟದಿದ್ದರೂ ನನಗೆ ಚಿಂತೆಯಿಲ್ಲ.